ಕಾಣದ ಚಿತ್ತಿ

ಹಾನಗಲ್ ಸೀಮೆಯ ರೈತನೊಬ್ಬನನ್ನು ಈಗ ಯಾವ ತಿಂಗಳು ಎಂದು ಕೇಳಿದರೆ ಒಂದು ಗಳಿಗೆ ಯೋಚಿಸಿ ಉತ್ತರ ಕೊಟ್ಟಾನು. ಈಗ ಯಾವ ಮಳೆ ಎಂದು ಕೇಳಿ ನೋಡಿ. ಬಾಯಿಯ ಎಲೆ ಅಡಿಕೆ ಉಗುಳದೆಯೇ ಹೇಳುತ್ತಾನೆ. ರೋಹಿಣಿ, ಮಿರಗ, ಆರಿದ್ರ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ - ಎಲ್ಲವೂ ನಕ್ಷತ್ರಗಳ ಹೆಸರು ಹೊತ್ತ ಮಳೆಗಳು. ಹಾನಗಲ್ಲಿನ ಭತ್ತ, ಸವಣೂರಿನ ಎಲೆಬಳ್ಳಿ, ಶಿಗ್ಗಾವಿಯ ಶೇಂಗಾ, ಹಿರೇಕೆರೂರಿನ ಗೋವಿನಜೋಳ ಎಲ್ಲದರ ಲೆಕ್ಕವೂ ಈ ಹೆಸರುಗಳ ಮೇಲೆಯೇ ನಡೆಯುತ್ತದೆ. ಬ್ಯಾಂಕಿನ ಸಾಲದ ಕಂತು ಮಾತ್ರ ಇಂಗ್ಲಿಷ್ ತಿಂಗಳಿನದು.

ಅಂಥ ರೈತರಲ್ಲಿ ಒಬ್ಬ ಅಜ್ಜ. ಹಾನಗಲ್ಲಿಗೆ ಹತ್ತಿರದ ಹಳ್ಳಿ; ಕೆರೆಯ ಕೆಳಗೆ ಎರಡೂವರೆ ಎಕರೆ ಗದ್ದೆ. ಐವತ್ತು ವರ್ಷಗಳಿಂದ ಮಳೆಯ ಲೆಕ್ಕ ತಪ್ಪಿದವನಲ್ಲ. ಒಂದು ದಸರೆಯ ರಜೆಯಲ್ಲಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು, "ನಾಳಿಗೆ ಚಿತ್ತಿ ಕೂಡತೈತಿ" ಎಂದ. ಪಕ್ಕದಲ್ಲಿ ಪುಸ್ತಕ ಹಿಡಿದು ಕುಳಿತಿದ್ದ ಮೊಮ್ಮಗಳು ತಲೆಯೆತ್ತಿದಳು. ಪಿ.ಯು.ಸಿ. ಎರಡನೇ ವರ್ಷ, ವಿಜ್ಞಾನ ವಿಭಾಗ.

"ಅಜ್ಜಾ, ಚಿತ್ತಿ ಅಂದ್ರ ಯಾವ ಚುಕ್ಕಿ? ರಾತ್ರಿ ತೋರಸ್ತೀಯೇನು?"

ಅಜ್ಜನಿಗೆ ನಗು ಬಂತು. ತೋರಿಸುವುದೇನು ಮಹಾ ಎಂದು ಊಟವಾದ ಮೇಲೆ ಅಂಗಳಕ್ಕೆ ಇಳಿದ. ಪೂರ್ವಕ್ಕೆ ನೋಡಿದ, ಪಶ್ಚಿಮಕ್ಕೆ ನೋಡಿದ, ಕೊನೆಗೆ ತಲೆಯ ಮೇಲಿನ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಇಷ್ಟು ವರ್ಷ ಯಾವ ಹೆಸರನ್ನು ನಂಬಿ ಬಾಳಿದನೋ ಅದರ ಮುಖವನ್ನೇ ತಾನು ಕಂಡಿಲ್ಲವೆಂಬುದು ಅವನಿಗೆ ಅಂದು ಹೊಳೆಯಿತು. "ಮೋಡ ಭಾಳ ಅದಾವು" ಎಂದು ಒಳಗೆ ಹೋದ. ಮೋಡ ಅಷ್ಟೇನೂ ಇರಲಿಲ್ಲ.

ಹುಡುಗಿ ಬಿಡಲಿಲ್ಲ. ಕಾಲೇಜು ಶುರುವಾದ ಮೇಲೆ ಗ್ರಂಥಾಲಯದಲ್ಲಿ ಖಗೋಳದ ಪುಸ್ತಕವೊಂದನ್ನು ಹುಡುಕಿ ತೆಗೆದಳು. ಉತ್ತರ ಸರಳವಾಗಿತ್ತು. ಭೂಮಿ ಸೂರ್ಯನ ಸುತ್ತ ತಿರುಗುವುದರಿಂದ ನಮಗೆ ಸೂರ್ಯನೇ ವರ್ಷವಿಡೀ ನಕ್ಷತ್ರದಿಂದ ನಕ್ಷತ್ರಕ್ಕೆ ಸರಿಯುತ್ತಿರುವಂತೆ ತೋರುತ್ತದೆ. ಅವನು ಯಾವ ನಕ್ಷತ್ರದ ನೆರೆಯಲ್ಲಿರುವನೋ ಆ ಹೆಸರೇ ಆಗಿನ ಮಳೆಗೆ. ಅಕ್ಟೋಬರ್ 10ರಿಂದ 23ರ ಸುಮಾರಿಗೆ ಸೂರ್ಯ ಚಿತ್ತಾ ನಕ್ಷತ್ರದ ಬಳಿ ಇರುತ್ತಾನೆ. ಅಂದರೆ ಆ ನಕ್ಷತ್ರ ಅವನೊಂದಿಗೇ ಹುಟ್ಟಿ ಅವನೊಂದಿಗೇ ಮುಳುಗುತ್ತದೆ. ಚಿತ್ತಿಯ ಮಳೆಯಲ್ಲಿ ಚಿತ್ತಿ ಕಾಣುವುದಿಲ್ಲ; ಜೂನ್ ತಿಂಗಳ ಮಿರಗದ ಮಳೆಯಲ್ಲಿ ಮೃಗಶಿರವೂ ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಆರು ತಿಂಗಳು ಕಾಯಬೇಕು. ಏಪ್ರಿಲ್‌ನಲ್ಲಿ, ಸೂರ್ಯ ಮುಳುಗುವ ಹೊತ್ತಿಗೆ ಅದು ಪೂರ್ವದಲ್ಲಿ ಏಳುತ್ತದೆ. ಹುಣ್ಣಿಮೆಯ ಚಂದ್ರ ಅದರ ಸಮೀಪಕ್ಕೆ ಬರುವ ತಿಂಗಳಿಗೇ ನಮ್ಮ ಹಿರಿಯರು ಚೈತ್ರ ಎಂದು ಹೆಸರಿಟ್ಟದ್ದು.

ಏಪ್ರಿಲ್ ಬಂತು, ಅದರ ಜೊತೆಗೆ ಫಲಿತಾಂಶವೂ ಬಂತು. ಹುಡುಗಿ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಳು. ಆದರೆ ಭೌತಶಾಸ್ತ್ರದಲ್ಲಿ 61. ಆಕೆ ಬಿ.ಎಸ್‌ಸಿ. ಓದಬೇಕು, ಅದರಲ್ಲೂ ಭೌತಶಾಸ್ತ್ರವನ್ನೇ ಓದಬೇಕು, ಧಾರವಾಡಕ್ಕೆ ಹೋಗಬೇಕು ಎನ್ನುತ್ತಿದ್ದಳು. ಅಪ್ಪ ಅಂಕಪಟ್ಟಿಯನ್ನು ಎರಡು ಸಲ ನೋಡಿ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. "ಯಾವುದರಾಗ ಕಡಿಮಿ ಬಂದೈತೋ ಅದನ್ನ ಕಲೀತೀನಿ ಅಂತೀಯಲ್ಲವಾ" ಎಂದನೇ ಹೊರತು ಗದರಲಿಲ್ಲ. ಹಾಸ್ಟೆಲ್ಲಿನ ಖರ್ಚು ಒಬ್ಬನಿಂದ ಆಗುವಂಥದ್ದಲ್ಲ. ಕೈ ಹಿಡಿಯುವವರು ಬಂಧುಗಳು. ಕೈ ಹಿಡಿಯುವವರ ಮಾತನ್ನೂ ಕೇಳಬೇಕು. ಅಪ್ಪ ಮಗಳು ಇಬ್ಬರೂ ಬಸ್ಸು ಹತ್ತಿದರು.

ಮೊದಲು ಸವಣೂರು, ಸೋದರಮಾವನ ಮನೆ. ಮಾವನದು ಎಲೆ ವ್ಯಾಪಾರ. ಸಂಜೆ ಮಾಳಿಗೆಯ ಮೇಲೆ ಗಾಳಿಗೆ ಕುಳಿತಾಗ ಹುಡುಗಿ ಈಶಾನ್ಯಕ್ಕೆ ಕೈ ಮಾಡಿ ಸಪ್ತರ್ಷಿಗಳನ್ನು ತೋರಿಸಿದಳು. ಆ ಏಳರ ಬಾಲದ ಬಾಗನ್ನು ಹಾಗೆಯೇ ಮುಂದುವರಿಸಿದರೆ ಕೇಸರಿ ಬಣ್ಣದ ದೊಡ್ಡ ಚುಕ್ಕಿ, ಅದು ಸ್ವಾತಿ. ಅದೇ ಬಾಗನ್ನು ಇನ್ನೂ ದಕ್ಷಿಣಕ್ಕೆ ಎಳೆದರೆ ತಿಳಿ ನೀಲಿ ಬಿಳುಪಿನ ಇನ್ನೊಂದು, ಅದು ಚಿತ್ತಿ.

"ಎರಡೂ ಚುಕ್ಕೀನ. ಒಂದು ಕೆಂಪು, ಒಂದು ಬಿಳೇದು ಯಾಕ?" ಎಂದರು ಮಾವ.

ಕಮ್ಮಾರನ ಕುಲುಮೆಯನ್ನು ನೋಡಿದವರಿಗೆ ಇದನ್ನು ಹೇಳುವುದು ಕಷ್ಟವಲ್ಲ. ಕಬ್ಬಿಣ ಕಾದಂತೆ ಮೊದಲು ಕೆಂಪಾಗುತ್ತದೆ, ಆಮೇಲೆ ಹಳದಿ, ಇನ್ನೂ ಕಾದರೆ ಬಿಳುಪು. ನಕ್ಷತ್ರಗಳದೂ ಇದೇ ಕಥೆ. ಸ್ವಾತಿಯ ಮೈಶಾಖ ಸುಮಾರು 4,000 ಡಿಗ್ರಿ. ನಮ್ಮ ಸೂರ್ಯನದು ಸುಮಾರು 5,500. ಚಿತ್ತಿಯದು ಹತ್ತಿರ ಹತ್ತಿರ 25,000 ಡಿಗ್ರಿ! ಅದು ಒಂದು ಚುಕ್ಕಿಯಂತೆ ಕಂಡರೂ ನಿಜದಲ್ಲಿ ಎರಡು. ಒಂದನ್ನೊಂದು ನಾಲ್ಕೇ ದಿನಗಳಲ್ಲಿ ಸುತ್ತಿ ಬರುತ್ತವೆ. ದೂರ ಸುಮಾರು 250 ಜ್ಯೋತಿರ್ವರ್ಷ.

ಇಷ್ಟು ಬಿಸಿಯಾದ ನಕ್ಷತ್ರದಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಬಿಸಿ ಏರಿದಂತೆ ಬೆಳಕಿನ ಅಲೆಯ ಉದ್ದ ಕಡಿಮೆಯಾಗುತ್ತ ಹೋಗುತ್ತದೆ. ನಮ್ಮ ಕಣ್ಣು ಕಾಣಬಲ್ಲದ್ದು ಸುಮಾರು 400ರಿಂದ 700 ನ್ಯಾನೋಮೀಟರ್ ಉದ್ದದ ಅಲೆಗಳನ್ನು ಮಾತ್ರ. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಸೂರ್ಯನ ಬೆಳಕು ಹೆಚ್ಚು ಪ್ರಬಲವಾಗಿರುವುದು 500ರ ಆಸುಪಾಸಿನಲ್ಲಿ, ಅಂದರೆ ನಮ್ಮ ಕಣ್ಣಿನ ಅಂಗಳದ ನಡುವೆ. ಚಿತ್ತಿಯದು 120ರ ಆಸುಪಾಸಿನಲ್ಲಿ. ಕಾಮನಬಿಲ್ಲಿನ ನೇರಳೆ ಅಂಚಿನಿಂದ ಬಲು ಆಚೆ. ಆ ಅಂಚಿನ ಆಚೆಗೂ ಕಾಣದ ಕಿರಣಗಳಿವೆಯೆಂದು 1801ರಲ್ಲಿ ಜರ್ಮನಿಯ ಯೋಹಾನ್ ರಿಟ್ಟರ್ ಕಂಡುಹಿಡಿದ. ಬೆಳಕು ಬಿದ್ದರೆ ಕಪ್ಪಾಗುವ ಬೆಳ್ಳಿಯ ಲವಣವನ್ನು ಆತ ನೇರಳೆ ಬಣ್ಣದ ಪಕ್ಕದ ಕತ್ತಲಲ್ಲಿ ಇಟ್ಟ. ಅದು ಅಲ್ಲಿಯೂ ಕಪ್ಪಾಯಿತು. ಅವುಗಳನ್ನೇ ನಾವಿಂದು ಅತಿನೇರಳೆ ಕಿರಣಗಳೆನ್ನುತ್ತೇವೆ.

ಹುಡುಗಿ ನೋಟುಬುಕ್ಕಿನಲ್ಲಿ ಲೆಕ್ಕ ಹಾಕಿಟ್ಟಿದ್ದಳು. ಸೂರ್ಯ ಸುರಿಯುವ ಒಟ್ಟು ಶಕ್ತಿ ನೂರು ರೂಪಾಯಿಯಾದರೆ ಅದರಲ್ಲಿ ಕಣ್ಣಿಗೆ ಕಾಣುವ ಬೆಳಕು ಮೂವತ್ತೈದು ನಲವತ್ತು ರೂಪಾಯಿಯಷ್ಟು. ಚಿತ್ತಿಯಂಥ ನಕ್ಷತ್ರದಲ್ಲಿ ನೂರಕ್ಕೆ ಆರೇಳು ರೂಪಾಯಿ ಮಾತ್ರ. ತೊಂಬತ್ತಕ್ಕೂ ಹೆಚ್ಚು ಪಾಲು ಅತಿನೇರಳೆಯಲ್ಲೇ ಹೋಗುತ್ತದೆ. ಆಕಾಶದಲ್ಲಿ ನಾವು ಮೆಚ್ಚಿ ನೋಡುವ ಆ ಹೊಳಪು ಅದರ ಗಳಿಕೆಯ ಚಿಲ್ಲರೆ.

"ನೂರರಾಗ ಆರು ತೋರ್ಸಿ ಉಳಿದದ್ದು ಮುಚ್ಚಿಡೋದಾ? ನಿನ್ನ ಚಿತ್ತಿ ನಮ್ಮ ಪ್ಯಾಟಿ ವ್ಯಾಪಾರಸ್ಥರಿಗಿಂತ ಶಾಣ್ಯಾ ಐತಿ ಬಿಡು" ಎಂದು ಮಾವ ಜೋರಾಗಿ ನಕ್ಕರು. ನಕ್ಕರೇ ಹೊರತು ದುಡ್ಡಿನ ಮಾತು ಎತ್ತಲಿಲ್ಲ. ಬೆಳಿಗ್ಗೆ ಹೊರಡುವಾಗ ಒಂದು ಕಟ್ಟು ಎಲೆ, ಒಂದು ಪೊಟ್ಟಣ ಸವಣೂರಿನ ಖಾರಾ ಕೊಟ್ಟು, "ಉಳಿದವ್ರು ಏನಂತಾರ ನೋಡ್ರಿ" ಎಂದು ಅಪ್ಪನ ಕೈ ಒತ್ತಿದರು.

ಶಿಗ್ಗಾವಿಯಲ್ಲಿ ಅತ್ತೆಯ ಮನೆ ಹೆದ್ದಾರಿಯ ಕಡೆಗೆ. ಲಾರಿಗಳ ದೀಪ, ಅಂಗಡಿಗಳ ದೀಪ. ಸಪ್ತರ್ಷಿಗಳಲ್ಲಿ ನಾಲ್ವರೂ ಸರಿಯಾಗಿ ಕಾಣಲಿಲ್ಲ. ಚಿತ್ತಿ ಮಾತ್ರ ಹೇಗೋ ಕಂಡಿತು. ಅತ್ತೆ ಅನುಭವಸ್ಥೆ, ಸುತ್ತಿ ಬಳಸಿ ಮಾತನಾಡುವವಳಲ್ಲ. "ನರ್ಸಿಂಗ್ ಕಲೀಲಿ. ಎಲ್ಲಿ ಹ್ವಾದ್ರೂ ಅನ್ನ ಐತಿ. ಕಾಣದ ಬೆಳಕಿನ ಬೆನ್ನು ಹತ್ತಿ ಯಾರು ಉಂಡಾರು?" ಎಂದಳು. ಅದು ತಪ್ಪು ಮಾತೂ ಅಲ್ಲ. ಹೆಣ್ಣುಮಗಳು ತನ್ನ ಕಾಲ ಮೇಲೆ ನಿಲ್ಲಲಿ ಎಂಬ ಕಾಳಜಿಯೇ ಅದರಲ್ಲಿದ್ದದ್ದು. ಹುಡುಗಿ ಎದುರಾಡಲಿಲ್ಲ. ಅಪ್ಪನೇ, ಯಾಕೋ ಏನೋ, "ಅಷ್ಟು ಬೆಳಕು ಬರ್ತಿದ್ರ ನಮಗ ಯಾಕ ತಟ್ಟಂಗಿಲ್ಲ?" ಎಂದು ಮಗಳನ್ನು ಕೇಳಿದ. ಆ ಪ್ರವಾಸದಲ್ಲಿ ಅಪ್ಪ ಕೇಳಿದ ಮೊದಲ ಪ್ರಶ್ನೆ ಅದು.

ಅದು ನಮಗೆ ತಟ್ಟದಿರುವುದೇ ನಮ್ಮ ಪುಣ್ಯ. ಭೂಮಿಯ ಮೇಲೆ ಎತ್ತರದಲ್ಲಿ ಓಜೋನ್ ಎಂಬ ಅನಿಲದ ತೆಳು ಪದರವಿದೆ. ಸುಮಾರು 300 ನ್ಯಾನೋಮೀಟರಿಗಿಂತ ಚಿಕ್ಕ ಅಲೆಗಳನ್ನು ಅದು ತಡೆಯುತ್ತದೆ. ಇನ್ನೂ ಚಿಕ್ಕವನ್ನು ನಾವು ಉಸಿರಾಡುವ ಆಮ್ಲಜನಕವೇ ಹೀರಿಕೊಳ್ಳುತ್ತದೆ. ಈ ಕೊಡೆ ಇಲ್ಲದಿದ್ದರೆ ಸೂರ್ಯನ ಅತಿನೇರಳೆ ಕಿರಣಗಳು ಬೆಳೆಯನ್ನೂ ಕಣ್ಣನ್ನೂ ಚರ್ಮವನ್ನೂ ಸುಟ್ಟುಬಿಡುತ್ತಿದ್ದವು. ನಮ್ಮನ್ನು ಕಾಯುವ ಅದೇ ಕೊಡೆ ಬಿಸಿ ನಕ್ಷತ್ರಗಳ ಮುಖ್ಯ ಸುದ್ದಿಯನ್ನೂ ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ. ಭೂಮಿಯ ಮೇಲೆ ಎಷ್ಟೇ ದೊಡ್ಡ ದೂರದರ್ಶಕ ಕಟ್ಟಿದರೂ ಪ್ರಯೋಜನವಿಲ್ಲ. ಕೊಡೆಯ ಮೇಲಕ್ಕೇ ಹೋಗಬೇಕು.

ಹಾಗೆ ಹೋಗಬೇಕೆಂದು ಬಹಳ ಮುಂಚೆಯೇ ಹೇಳಿದವರಲ್ಲಿ ಒಬ್ಬರು ನಮ್ಮವರೇ, ಮೇಘನಾದ ಸಹಾ. ಢಾಕಾ ಹತ್ತಿರದ ಹಳ್ಳಿಯ ಬಡ ಅಂಗಡಿಕಾರನ ಮಗ. ನಕ್ಷತ್ರದ ಶಾಖಕ್ಕೂ ಅದರ ಬೆಳಕಿನಲ್ಲಿ ಕಾಣುವ ಗೆರೆಗಳಿಗೂ ಇರುವ ಸಂಬಂಧವನ್ನು 1920ರಲ್ಲಿ ಲೆಕ್ಕದಲ್ಲಿ ಹಿಡಿದು ಜಗತ್ತಿಗೆ ಕೊಟ್ಟವರು. ವಾಯುಮಂಡಲದ ಮೇಲ್ಪದರಕ್ಕೆ ವೀಕ್ಷಣಾಲಯ ಕಳಿಸಿ ಸೂರ್ಯನ ಅತಿನೇರಳೆ ಬೆಳಕನ್ನು ನೋಡಬೇಕೆಂದು 1937ರಲ್ಲಿ ಅವರು ಬರೆದಾಗ ಅಂಥ ರಾಕೆಟ್ ಆಗಲೀ ಉಪಗ್ರಹವಾಗಲೀ ಇರಲೇ ಇಲ್ಲ. 1946ರಲ್ಲಿ ಅಮೆರಿಕದ ಲೈಮನ್ ಸ್ಪಿಟ್ಜರ್ ದೂರದರ್ಶಕವನ್ನೇ ಬಾಹ್ಯಾಕಾಶಕ್ಕೆ ಕಳಿಸುವ ಯೋಜನೆ ಬರೆದರು.

ಮೊದಮೊದಲು ಆದದ್ದು ರಾಕೆಟ್ಟುಗಳಿಂದ. ಮೇಲೆ ಹೋಗಿ ಕೆಳಗೆ ಬೀಳುವ ರಾಕೆಟ್ಟು. ಅದು ವಾಯುಮಂಡಲದಿಂದ ಮೇಲಿರುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಎಷ್ಟು ಸಿಕ್ಕಿತೋ ಅಷ್ಟೇ. ಹಾಗೆ ಹಿಡಿದವರಲ್ಲಿ ಜಾರ್ಜ್ ಕ್ಯಾರದರ್ಸ್ ಎಂಬ ಕಪ್ಪು ವರ್ಣದ ಅಮೆರಿಕನ್ ವಿಜ್ಞಾನಿ ಒಬ್ಬರು. ಹತ್ತು ವರ್ಷದ ಹುಡುಗನಾಗಿದ್ದಾಗ ರಟ್ಟಿನ ಕೊಳವೆ ಮತ್ತು ಅಂಚೆಯಲ್ಲಿ ತರಿಸಿದ ಮಸೂರಗಳಿಂದ ಸ್ವಂತ ದೂರದರ್ಶಕ ಮಾಡಿಕೊಂಡವರು. 1970ರಲ್ಲಿ ಅವರ ಉಪಕರಣ ರಾಕೆಟ್ಟಿನಲ್ಲಿ ಹೋಗಿ ಒಂದು ಬಿಸಿ ನಕ್ಷತ್ರದ ಅತಿನೇರಳೆ ಬೆಳಕನ್ನು ನೋಡಿತು. ನಡುದಾರಿಯಲ್ಲಿ ಜಲಜನಕದ ಅಣುಗಳು ಆ ಬೆಳಕಿನಲ್ಲಿ ತಮ್ಮ ಗುರುತು ಬಿಟ್ಟಿದ್ದವು. ನಕ್ಷತ್ರಗಳ ನಡುವಿನ ಬಯಲಿನಲ್ಲಿ ಆ ಅಣುಗಳನ್ನು ಕಂಡದ್ದು ಅದೇ ಮೊದಲು. ಎರಡು ವರ್ಷಗಳ ನಂತರ ಅಪೋಲೊ-16ರ ಯಾತ್ರಿಗಳು ಅವರ ಕ್ಯಾಮೆರಾವನ್ನು ಚಂದ್ರನ ನೆಲದ ಮೇಲೆಯೇ ಇಟ್ಟು ಚಿತ್ರ ತೆಗೆದರು.

ಅತ್ತೆ ಇದನ್ನೆಲ್ಲ ಅಕ್ಕಿ ಆರಿಸುತ್ತಲೇ ಕೇಳಿದಳು. "ಆ ಹುಡುಗನ ಅವ್ವ ಅಪ್ಪ ಏನಂದಿದ್ರಂತ?" ಎಂದು ಕೇಳಿದಳು. ಅದಕ್ಕೆ ಹುಡುಗಿಯ ಬಳಿ ಉತ್ತರವಿರಲಿಲ್ಲ.

ಹಿರೇಕೆರೂರಿನ ಅಕ್ಕನ ಮನೆ ಮುಟ್ಟಿದಾಗ ಕರೆಂಟು ಹೋಗಿತ್ತು. ಊರೆಲ್ಲ ಕತ್ತಲೆ. ಉಳಿದವರು ಬೈದುಕೊಳ್ಳುತ್ತಿದ್ದರೆ ಹುಡುಗಿಗೆ ಮಾತ್ರ ಹಬ್ಬ. ಪಶ್ಚಿಮದಲ್ಲಿ ಇಳಿಯುತ್ತಿದ್ದ ಮಹಾವ್ಯಾಧನ ನಡುಪಟ್ಟಿಯ ಮೂರು ಚುಕ್ಕಿಗಳು ಸಾಲಾಗಿ ಹೊಳೆಯುತ್ತಿದ್ದವು. ಅಕ್ಕನೂ ತಂಗಿಯೂ ಹಿತ್ತಿಲ ಕಣದ ಮೇಲೆ ಕಂಬಳಿ ಹಾಸಿ ಕುಳಿತರು.

ಆ ಮೂರೂ ಬಲು ಬಿಸಿ ನಕ್ಷತ್ರಗಳು. 1960ರ ದಶಕದ ನಡುವೆ ಪ್ರಿನ್ಸ್‌ಟನ್ನಿನ ಡೊನಾಲ್ಡ್ ಮಾರ್ಟನ್ ಮತ್ತು ಸಂಗಡಿಗರು ರಾಕೆಟ್ಟಿನಿಂದ ಅವುಗಳ ಅತಿನೇರಳೆ ರೋಹಿತವನ್ನು ತೆಗೆದರು. ರೋಹಿತವೆಂದರೆ ಬೆಳಕನ್ನು ಬಿಡಿಸಿ ಸಾಲಾಗಿ ಹಾಸಿದ ಬಣ್ಣಗಳ ಪಟ್ಟಿ. ಹಳೆಯ ಸಿ.ಡಿ.ಯೊಂದನ್ನು ಬಿಸಿಲಿಗೆ ಹಿಡಿದರೆ ಕಾಮನಬಿಲ್ಲು ಮೂಡುವುದನ್ನು ಮಕ್ಕಳೆಲ್ಲ ನೋಡಿದ್ದಾರೆ. ಅದರ ಮೇಲಿನ ಸಣ್ಣ ಗೀರುಗಳ ಸಾಲು ಮಾಡುವ ಕೆಲಸವನ್ನೇ ವಿಜ್ಞಾನಿಗಳ ಜಾಲರಿ ಇನ್ನೂ ನಿಖರವಾಗಿ ಮಾಡುತ್ತದೆ. ಆ ಪಟ್ಟಿಯಲ್ಲಿ ಅಲ್ಲಲ್ಲಿ ಗೆರೆಗಳಿರುತ್ತವೆ. ಯಾವ ಮೂಲವಸ್ತು ಇದೆ, ಎಷ್ಟು ಬಿಸಿ ಇದೆ, ನಮ್ಮತ್ತ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಎಂಬುದನ್ನೆಲ್ಲ ಆ ಗೆರೆಗಳೇ ಹೇಳುತ್ತವೆ. ಇಂಗಾಲ, ಸಿಲಿಕಾನ್ ಮೊದಲಾದ ವಸ್ತುಗಳು ಬಿಸಿ ನಕ್ಷತ್ರಗಳಲ್ಲಿ ಬರೆಯುವ ಮುಖ್ಯ ಗೆರೆಗಳು ಇರುವುದು ಅತಿನೇರಳೆಯಲ್ಲೇ. ಕಾಣುವ ಬೆಳಕಿನಲ್ಲಿ ಹುಡುಕಿದರೆ ಅವು ಸಿಗಲಾರವು.

ಮಹಾವ್ಯಾಧನ ಆ ಮೂರರಲ್ಲಿ ಗೆರೆಗಳು ಇರಬೇಕಾದ ಜಾಗದಿಂದ ಬಹಳ ಸರಿದಿದ್ದವು. ಅದರ ಅರ್ಥ ಒಂದೇ: ನಕ್ಷತ್ರದ ಮೈಯಿಂದ ಅನಿಲವು ಸೆಕೆಂಡಿಗೆ ಸುಮಾರು ಎರಡು ಸಾವಿರ ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ಹಾರುತ್ತಿದೆ! ಬೆಳಕೇ ಅದನ್ನು ತಳ್ಳುತ್ತದೆ. ಇಂಥ ನಕ್ಷತ್ರವೊಂದು ಕೆಲವೇ ವರ್ಷಗಳಲ್ಲಿ ನಮ್ಮ ಇಡೀ ಭೂಮಿಯ ತೂಕದಷ್ಟು ತನ್ನನ್ನು ತಾನೇ ಗಾಳಿಗೆ ತೂರಿಬಿಡುತ್ತದೆ.

"ಹಂಗಂದ್ರ ರಾಶಿ ತೂರಿದಂಗ" ಎಂದಳು ಅಕ್ಕ. "ಹೊಟ್ಟು ಹಾರಿ ಹೊಕ್ಕೈತಿ."

"ಹೊಟ್ಟಲ್ಲಕ್ಕಾ, ಕಾಳ ಹಾರಿ ಹೊಕ್ಕೈತಿ. ಮುಂದ ಅದರಿಂದನ ಹೊಸ ಚುಕ್ಕಿ ಹುಟ್ಟತಾವು" ಎಂದಳು ತಂಗಿ.

ರಾಕೆಟ್ಟಿನ ಕೆಲವು ನಿಮಿಷ ಸಾಲದಾದಾಗ ಉಪಗ್ರಹಗಳು ಬಂದವು. 1972ರಲ್ಲಿ ಹಾರಿದ ಕೋಪರ್ನಿಕಸ್ 1981ರವರೆಗೆ ಬಿಸಿ ನಕ್ಷತ್ರಗಳನ್ನು ನೋಡಿತು. ನೋಡಿದವುಗಳಲ್ಲಿ ನಮ್ಮ ಚಿತ್ತಿಯೂ ಒಂದು. 1978ರ ಜನವರಿಯಲ್ಲಿ ಹಾರಿದ ಐ.ಯು.ಇ. ಎಂಬ ಉಪಗ್ರಹದ ಕನ್ನಡಿ ಬರೀ 45 ಸೆಂಟಿಮೀಟರ್ ಅಗಲ, ಒಂದು ಊಟದ ತಾಟಿಗಿಂತ ತುಸು ದೊಡ್ಡದು. ಮೂರು ವರ್ಷ ಬಾಳಲೆಂದು ಕಳಿಸಿದ್ದು 1996ರವರೆಗೆ ಹದಿನೆಂಟು ವರ್ಷ ದುಡಿದು ಒಂದು ಲಕ್ಷಕ್ಕೂ ಹೆಚ್ಚು ರೋಹಿತಗಳನ್ನು ಕೊಟ್ಟಿತು. 1990ರಲ್ಲಿ ಹಬಲ್ ಬಂತು.

ಅಕ್ಕ ಕೇಳಿದ್ದು ಒಂದೇ ಮಾತು: "ಇವೆಲ್ಲ ಅಮೆರಿಕಾದಾಗ. ನೀ ಧಾರವಾಡಕ್ಕ ಹೋಗಿ ಏನ್ ಮಾಡ್ತಿ?"

ಹುಡುಗಿ ಕಾದಿದ್ದುದೇ ಈ ಪ್ರಶ್ನೆಗಾಗಿ. ಅದರ ಉತ್ತರ ಅಮೆರಿಕದಲ್ಲಿರಲಿಲ್ಲ, ಹೊಸಕೋಟೆಯಲ್ಲಿತ್ತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಹೊಸಕೋಟೆಯ ತಮ್ಮ ಆವರಣದಲ್ಲಿ ಅತಿನೇರಳೆ ದೂರದರ್ಶಕವೊಂದನ್ನು ಜೋಡಿಸಿದರು. ಹೆಸರು ಯು.ವಿ.ಐ.ಟಿ. ಮುಂಬಯಿಯ ಟಾಟಾ ಸಂಸ್ಥೆ, ಪುಣೆಯ ಖಗೋಳ ಕೇಂದ್ರ, ಇಸ್ರೊ, ಕೆನಡಾದ ಬಾಹ್ಯಾಕಾಶ ಸಂಸ್ಥೆ ಎಲ್ಲವೂ ಕೈಗೂಡಿಸಿದ ಕೆಲಸ. ಅದರಲ್ಲಿ ಅವಳಿ ದೂರದರ್ಶಕಗಳು. ಒಂದೊಂದರ ಕನ್ನಡಿ ಸುಮಾರು 37 ಸೆಂಟಿಮೀಟರ್. ಒಂದು 130ರಿಂದ 180 ನ್ಯಾನೋಮೀಟರಿನ ದೂರದ ಅತಿನೇರಳೆಯನ್ನು ನೋಡಲು, ಇನ್ನೊಂದು 200ರಿಂದ 300ರವರೆಗಿನ ಸಮೀಪದ ಅತಿನೇರಳೆಯನ್ನೂ ಕಾಣುವ ಬೆಳಕನ್ನೂ ನೋಡಲು. ಚಿತ್ರ ತೆಗೆಯುವುದು ಮುಖ್ಯ ಕೆಲಸ; ಜೊತೆಗೆ ಬೆಳಕನ್ನು ಬಿಡಿಸಿ ರೋಹಿತ ಹಿಡಿಯಲು ಜಾಲರಿಗಳೂ ಉಂಟು.

ಈ ಕೆಲಸದಲ್ಲಿ ದೊಡ್ಡ ಶತ್ರು ಕೊಳೆ. ಕೈಬೆರಳಿನ ಜಿಡ್ಡು, ಅಂಟಿನ ಹಬೆ, ಬಣ್ಣದ ಆವಿ - ಕಣ್ಣಿಗೆ ಕಾಣದಷ್ಟು ತೆಳು ಪೊರೆ ಕನ್ನಡಿಯ ಮೇಲೆ ಕುಳಿತರೂ ಅದು ಅತಿನೇರಳೆಯನ್ನು ನುಂಗಿಬಿಡುತ್ತದೆ. ಸಾಮಾನ್ಯ ಗಾಜಿನ ಮಸೂರವೂ ಇಲ್ಲಿ ನಡೆಯದು. ಗಾಜೇ ಆ ಕಿರಣಗಳಿಗೆ ಗೋಡೆ. ಆದ್ದರಿಂದ ದೂಳಿಲ್ಲದ ಕೋಣೆ, ಮೈಯೆಲ್ಲ ಮುಚ್ಚುವ ಉಡುಪು, ಉಡಾವಣೆಯವರೆಗೂ ಒಣ ಸಾರಜನಕದ ಕಾವಲು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಆಸ್ಟ್ರೋಸ್ಯಾಟ್ ಉಪಗ್ರಹ ಅದನ್ನು ಹೊತ್ತು 650 ಕಿಲೋಮೀಟರ್ ಎತ್ತರಕ್ಕೆ ಏರಿತು. ಮೇಲೆ ಹೋದೊಡನೆ ಬಾಗಿಲು ತೆಗೆದರೆ? ತೆಗೆಯಲಿಲ್ಲ. ಉಪಗ್ರಹದ ಮೈಯಲ್ಲಿ ಅಡಗಿದ್ದ ಆವಿಯೆಲ್ಲ ಹೊರಟುಹೋಗಲೆಂದು ಎರಡು ತಿಂಗಳು ಕಾದರು. ಬಾಗಿಲು ತೆರೆದದ್ದು ನವೆಂಬರ್ 30ರಂದು.

ಮೊದಲು ನೋಡಿದವುಗಳಲ್ಲಿ ಎನ್‌ಜಿಸಿ 188 ಎಂಬ ಬಲು ಹಳೆಯ ನಕ್ಷತ್ರಗುಚ್ಛವೂ ಒಂದು. ಅಲ್ಲಿ ವಯಸ್ಸಿಗೆ ತಕ್ಕಂತೆ ಮುಪ್ಪಾಗದೆ ಎಳೆಯದರಂತೆ ಹೊಳೆಯುವ ಕೆಲವು ನಕ್ಷತ್ರಗಳಿವೆ. ಅಂಥದೊಂದರ ಪಕ್ಕದಲ್ಲಿ ಸುಮಾರು 17,000 ಡಿಗ್ರಿಯ ಬಿಸಿ ಜೊತೆಗಾತಿ ಇರುವುದನ್ನು ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಸಂಗಡಿಗರು ಯು.ವಿ.ಐ.ಟಿ. ನೆರವಿನಿಂದ 2016ರಲ್ಲಿ ಕಂಡರು. ಆ ಜೊತೆಗಾತಿ ತನ್ನ ಒಡಲಿನ ವಸ್ತುವನ್ನು ಧಾರೆ ಎರೆದದ್ದೇ ಇದರ ಎಳೆತನದ ಗುಟ್ಟು. ಕಾಣುವ ಬೆಳಕಿನಲ್ಲಿ ಇದರ ಹೊಳಪು ಅದನ್ನು ಮುಚ್ಚಿತ್ತು. ಅತಿನೇರಳೆಯಲ್ಲಿ ಅದು ಎದ್ದು ಕಂಡಿತು. ಅದೇ ಅನ್ನಪೂರ್ಣಿಯವರು 2019ರಲ್ಲಿ ಬೆಂಗಳೂರಿನ ಆ ಸಂಸ್ಥೆಯ ನಿರ್ದೇಶಕರಾದರು. ಉಪಕರಣಕ್ಕೆ ಪೆಟ್ಟು ಬೀಳದಿರಲಿಲ್ಲ. ಸಮೀಪದ ಅತಿನೇರಳೆಯ ಭಾಗ 2018ರಲ್ಲಿ ನಿಂತುಹೋಯಿತು. ಉಳಿದ ಕಣ್ಣು ದುಡಿಯುತ್ತಲೇ ಹೋಯಿತು. ಐದು ವರ್ಷಕ್ಕೆಂದು ಕಳಿಸಿದ ಉಪಗ್ರಹ 2025ರಲ್ಲಿ ಹತ್ತು ವರ್ಷ ತುಂಬಿಸಿತು. ಅದು ಕಳಿಸುವ ಸುದ್ದಿ ಇಳಿಯುವುದೂ ಬೆಂಗಳೂರಿಗೆ ಹತ್ತಿರದ ಬ್ಯಾಲಾಳಿನಲ್ಲೇ.

ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಕೆಯೂ ಒಂದು ಕಾಲಕ್ಕೆ ಓದಬೇಕೆಂದಿದ್ದವಳು. ಹತ್ತನೆಯ ತರಗತಿಗೆ ನಿಲ್ಲಿಸಿದ್ದರು. ಕರೆಂಟು ಬಂದಾಗ ಎದ್ದು ಒಳಗೆ ಹೋಗಿ, ಸಂಘದಲ್ಲಿ ಕೂಡಿಟ್ಟ ಹಣದ ಪುಸ್ತಕ ತಂದು ಅಪ್ಪನ ಮುಂದೆ ಇಟ್ಟಳು. ಅಪ್ಪ ಅದನ್ನು ಮುಟ್ಟಲಿಲ್ಲ. "ಅಜ್ಜನ್ನ ಕೇಳೋಣು" ಎಂದಷ್ಟೇ ಹೇಳಿದ.

ಹಾನಗಲ್ಲಿಗೆ ಮರಳಿದ ರಾತ್ರಿ ಹುಡುಗಿ ಅಜ್ಜನ ಕೈ ಹಿಡಿದು ಅಂಗಳಕ್ಕೆ ಕರೆತಂದಳು. ಮೊದಲು ಸಪ್ತರ್ಷಿ, ಆಮೇಲೆ ಸ್ವಾತಿ, ಆಮೇಲೆ ಚಿತ್ತಿ. ಅಜ್ಜ ಕೈಯನ್ನು ಹಣೆಗೆ ಅಡ್ಡ ಹಿಡಿದು, ಬಿಸಿಲಿನಲ್ಲಿ ದೂರದ ಎತ್ತು ನೋಡುವವನಂತೆ ನೋಡಿದ.

"ಇದಾ?"

"ಇದ ಅಜ್ಜಾ. ನಮಗ ಕಾಣೋದು ಇದರ ಆರಾಣೆ ಪಾಲು ಸೈತ ಅಲ್ಲ. ಒಂದಾಣೆ. ಉಳಿದದ್ದು ನೋಡಾಕ ಮ್ಯಾಲ ಹೋಗಬೇಕು."

ಅಪ್ಪ ಪಡಸಾಲೆಯಿಂದಲೇ ಮಾತು ತೆಗೆದ. ಮಾವ ಏನೂ ಹೇಳಲಿಲ್ಲ, ಅಕ್ಕ ಕೊಡುತ್ತೇನೆಂದಳು, ಅತ್ತೆ ನರ್ಸಿಂಗ್ ಅಂದಳು, ಅಂಕ ನೋಡಿದರೆ 61 - ಎಲ್ಲವನ್ನೂ ಒಂದೊಂದಾಗಿ ಹೇಳಿ, "ನಂಬಿ ಕಳಸೋದಾದ್ರೂ ಹೆಂಗ? ಏನೂ ಕಾಣವಲ್ದು" ಎಂದ. ಅವನ ದನಿಯಲ್ಲಿ ಹಟವಿರಲಿಲ್ಲ, ಭಯವಿತ್ತು. ಸೊಸೈಟಿಯ ಸಾಲ ಇನ್ನೂ ತೀರಿರಲಿಲ್ಲ.

ಅಜ್ಜ ಚಿತ್ತಿಯಿಂದ ಕಣ್ಣು ತೆಗೆಯಲಿಲ್ಲ. "ಈ ಚುಕ್ಕಿ ಮಾರಿ ನಾ ಇವತ್ತ ನೋಡಿದ್ದು. ನೋಡದನ ಐವತ್ತು ವರ್ಷ ಇದನ್ನ ನಂಬಿ ಭತ್ತ ಬೆಳದೀನಿ. ಒಂದೊಂದು ವರ್ಷ ಕೈ ಕೊಟ್ಟೈತಿ. ಹಂಗಂತ ಬಿತ್ತೋದು ಬಿಟ್ಟೇನೇನು? ಮನೀ ಮಗಳನ್ನ ಮೂರು ವರ್ಷ ನಂಬಾಕ ಆಗಂಗಿಲ್ಲೇನೋ ತಮ್ಮಾ?"

ಅಪ್ಪ ಉತ್ತರ ಕೊಡಲಿಲ್ಲ. ಬೆಳಿಗ್ಗೆ ಕಿಸೆಯಿಂದ ಅಂಕಪಟ್ಟಿ ತೆಗೆದು, ಮಡಿಕೆ ಬಿಡಿಸಿ, ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡು ಧಾರವಾಡದ ಬಸ್ಸಿಗೆ ಹೊರಟ. ಅತ್ತೆಗೆ ಸುದ್ದಿ ಮುಟ್ಟಿದಾಗ ಸ್ವಲ್ಪ ಸಿಟ್ಟಾದಳಂತೆ. ಆಮೇಲೆ ಹಾಸ್ಟೆಲ್ಲಿಗೆಂದು ಒಂದು ಡಬ್ಬಿ ಶೇಂಗಾ ಹೋಳಿಗೆ ಕಳಿಸಿಕೊಟ್ಟಳು. ಮಾವನ ದುಡ್ಡು ಜೂನ್ ತಿಂಗಳಲ್ಲಿ, ಯಾರೂ ಕೇಳದೆಯೇ ಬಂತು.

ಬಿ.ಎಸ್‌ಸಿ. ಸೇರಿದವರೆಲ್ಲ ಹೊಸಕೋಟೆಗೆ ಹೋಗುವುದಿಲ್ಲ. ಮುಂದೆ ಎಂ.ಎಸ್‌ಸಿ., ಸಂಶೋಧನೆಯ ಪ್ರವೇಶ ಪರೀಕ್ಷೆಗಳು, ಪಿಎಚ್.ಡಿ. ಎಂದು ದಾರಿ ಉದ್ದವಿದೆ. ನಡುವೆ ಕೈಬಿಡುವವರೂ ಇದ್ದಾರೆ. ಆ ಹುಡುಗಿ ಎಲ್ಲಿ ಮುಟ್ಟುತ್ತಾಳೋ ಈಗಲೇ ಹೇಳಲಾಗದು. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಅಷ್ಟಕ್ಕಷ್ಟೇ ಬಂದವು.

ಅಕ್ಟೋಬರ್ ಹತ್ತರ ಸುಮಾರಿಗೆ ಹಾಸ್ಟೆಲ್ಲಿಗೆ ಫೋನು ಬಂತು. ಅಪ್ಪನ ಫೋನಿನಲ್ಲಿ ಅಜ್ಜ.

"ಇವತ್ತ ಚಿತ್ತಿ ಕೂಡ್ತು ನೋಡವಾ. ಸಂಜಿಮುಂದ ಎರಡು ಹನಿ ಬಿತ್ತು. ಭತ್ತ ಕಾಳು ಕಟ್ಟಾಕತ್ತೈತಿ."

"ಈಗ ಅದು ಕಾಣಂಗಿಲ್ಲಜ್ಜಾ."

"ಗೊತ್ತೈತಿ ಬಿಡು. ಸೂರ್ಯಾನ ಬಗಲಾಗ ಐತಿ" ಎಂದ ಅಜ್ಜ. ಆಮೇಲೆ ಅಪ್ಪ ಫೋನು ತೆಗೆದುಕೊಂಡ. ಪರೀಕ್ಷೆಯ ಮಾತು ಎತ್ತಲಿಲ್ಲ. "ಉಂಡ್ಯೇನವಾ?" ಎಂದು ಕೇಳಿದ.